ಹಂಗಾಮು ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ

ನವೆಂಬರ್ ಬಂತೆಂದರೆ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳ ಗೇಟಿನೆದುರಿನ ಚಹಾದಂಗಡಿಗಳಲ್ಲಿ ಎರಡು ಬಗೆಯ ಹೊಸ ಮುಖ ಕಾಣಿಸುತ್ತವೆ. ಒಂದು, ಕಬ್ಬು ಕಡಿಯುವ ಗ್ಯಾಂಗು ಕರೆದುಕೊಂಡು ಬಂದ ಮುಕಾದಮನದು. ಇನ್ನೊಂದು, ಬಗಲಲ್ಲಿ ಪ್ರಶ್ನಾವಳಿಯ ಝೆರಾಕ್ಸ್ ಕಟ್ಟು ಹಿಡಿದ ಪಿಎಚ್.ಡಿ. ವಿದ್ಯಾರ್ಥಿಯದು. ವಿದ್ಯಾರ್ಥಿ ಎಂದರೆ ಇಪ್ಪತ್ತೈದರ ಹುಡುಗನಲ್ಲ. ಗೋಕಾಕದ ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವರು, ಹುಕ್ಕೇರಿಯ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಮೂಡಲಗಿಯ ಸೊಸೈಟಿಯಲ್ಲಿ ಲೆಕ್ಕ ಬರೆಯುವವರು. ವಯಸ್ಸು ನಲವತ್ತರ ಆಸುಪಾಸು, ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಬಂದ ಮಗಳು. ರವಿವಾರ, ಹಬ್ಬದ ರಜೆ, ಬೇಸಿಗೆ ಬಿಡುವು, ಇಷ್ಟೇ ಇವರ ಸಂಶೋಧನೆಯ ಕಾಲ. ವಿಷಯದ ಹೆಸರೂ ಬಹುತೇಕ ಒಂದೇ ಅಚ್ಚಿನದು: ಕಾರ್ಮಿಕರ ಪ್ರೇರಣೆ ಮತ್ತು ವೇತನ ತೃಪ್ತಿ, ಬೆಳಗಾವಿ ಜಿಲ್ಲೆಯ ಇಂತಿಂಥ ತಾಲ್ಲೂಕುಗಳನ್ನು ವಿಶೇಷವಾಗಿ ಗಮನದಲ್ಲಿಟ್ಟುಕೊಂಡು ಒಂದು ಅಧ್ಯಯನ.

ಅಂಥವರೊಬ್ಬರ ಜೊತೆ ನಾನೂ ಒಮ್ಮೆ ಹೋಗಿ ಕೂತಿದ್ದೆ. ಪಾಳಿ ಬಿಟ್ಟಿತ್ತು. ಮೈಮೇಲೆ ಬಗಾಸಿನ ಧೂಳು ಹೊತ್ತ ಒಬ್ಬ ಹಂಗಾಮಿ ಕಾರ್ಮಿಕ ಸಂಕೋಚದಿಂದ ಹಾಳೆ ಇಸಿದುಕೊಂಡ. ಮೊದಲು ಕೇಳಿದ್ದು, "ಇದನ್ನ ಆಫೀಸಿನ್ಯಾಗ ತೋರಸ್ತೀರೇನ್ರಿ?" ಇಲ್ಲ ಎಂದು ಹೇಳಿದ ಮೇಲೂ ಐದು ಮನೆಗಳ ಸಾಲಿನಲ್ಲಿ ನಡುವಿನ ಮನೆಗೇ ಗೆರೆ ಎಳೆಯುತ್ತ ಹೋದ. ನಡುವಿನ ಮನೆ ಎಂದರೆ ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ನೌಕರಿ ಉಳಿಸಿಕೊಳ್ಳಬೇಕಾದವನಿಗೆ ಅತ್ಯಂತ ಸುರಕ್ಷಿತ ಜಾಗ. "ನನಗೆ ಸಿಗುವ ವೇತನ ನನ್ನ ಶ್ರಮಕ್ಕೆ ತಕ್ಕುದಾಗಿದೆ" ಎಂಬ ವಾಕ್ಯಕ್ಕೆ ಬಂದಾಗ ಮಾತ್ರ ಪೆನ್ನು ನಿಂತಿತು. ತಲೆಯೆತ್ತಿ ಕೇಳಿದ: "ಯಾವ ತಿಂಗಳದ್ದು ಕೇಳಾಕತ್ತೀರಿ?"

ವಿದ್ಯಾರ್ಥಿ ನಕ್ಕು "ಒಟ್ಟಾರೆ" ಎಂದರು. ಅವನು ಮತ್ತೆ ನಡುವಿನ ಮನೆಗೆ ಗೆರೆ ಎಳೆದ. ಒಂದು ಪಿಎಚ್.ಡಿ.ಗೆ ಸಾಕಾಗುವಷ್ಟು ಸಾಮಗ್ರಿ ಆ ಕ್ಷಣದಲ್ಲಿ ಕೈ ಜಾರಿತು ಎಂದು ನನಗೆ ಅನಿಸಿತು.

ಈ ಐದು ಮನೆಯ ಅಳತೆಗೋಲು 1932ರಲ್ಲಿ ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ಮನೋವಿಜ್ಞಾನಿ ಮಾಡಿಕೊಟ್ಟದ್ದು. ಪ್ರೇರಣೆಯ ಪಾಠಗಳೂ ಅಲ್ಲಿಂದಲೇ ಬಂದವು. 1943ರಲ್ಲಿ ಅಬ್ರಹಾಂ ಮಾಸ್ಲೊ ಮನುಷ್ಯನ ಬೇಕುಗಳನ್ನು ಮೆಟ್ಟಿಲಾಗಿ ಜೋಡಿಸಿದ. 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರು ಮತ್ತು ಲೆಕ್ಕಿಗರನ್ನು ಮಾತಾಡಿಸಿ ಒಂದು ವಿಂಗಡಣೆ ಮಾಡಿದರು: ಕೆಲವು ಸಂಗತಿ ಇಲ್ಲದಿದ್ದರೆ ಬೇಜಾರು ಹುಟ್ಟುತ್ತದೆ, ಇದ್ದರೆ ಹುರುಪೇನೂ ಬರುವುದಿಲ್ಲ, ಬೇರೆ ಕೆಲವು ಮಾತ್ರ ನಿಜವಾಗಿ ಹುರುಪು ತರುತ್ತವೆ. ಪಗಾರವನ್ನು ಅವರು ಮೊದಲ ಗುಂಪಿಗೆ ಹಾಕಿದರು. ನಮ್ಮ ಎಂ.ಕಾಂ., ಎಂ.ಬಿ.ಎ. ಹುಡುಗರಿಗೆ ಈ ಪಟ್ಟಿ ಬಾಯಿಪಾಠ. ಆದರೆ ಹರ್ಜ್‌ಬರ್ಗ್ ಐದು ಮನೆಯ ಹಾಳೆ ಹಂಚಿರಲಿಲ್ಲ. ಕೆಲಸದಲ್ಲಿ ನಿಮಗೆ ಬಹಳ ಖುಷಿಯಾದ ಒಂದು ಸಂದರ್ಭ ಹೇಳಿ, ಬಹಳ ಬೇಸರವಾದ ಒಂದು ಸಂದರ್ಭ ಹೇಳಿ ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡಿದ್ದರು. ಪಗಾರ ಆಗ ಎರಡೂ ಕಡೆ ಕಾಣಿಸಿಕೊಂಡಿತ್ತು. ಬೇಸರದ ಕಡೆ ಹೆಚ್ಚು ಹೊತ್ತು ಉಳಿಯುತ್ತದೆ ಎಂಬ ಕಾರಣಕ್ಕೆ ಅದನ್ನು ಅತ್ತ ಸೇರಿಸಿದರು. ಆ ಅನುಮಾನದ ಭಾಗ ನಮ್ಮ ಗೈಡುಗಳಲ್ಲಿ ಅಚ್ಚಾಗುವುದಿಲ್ಲ.

ಪಿಟ್ಸ್‌ಬರ್ಗಿನ ಎಂಜಿನಿಯರಿಗೆ ಪಗಾರ ಎಂದರೆ ಒಂದು ಮೊತ್ತ. ಜನವರಿಯಲ್ಲೂ ಅಷ್ಟೇ, ಜೂನಿನಲ್ಲೂ ಅಷ್ಟೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ದುಡಿಯುವ ಬಹಳ ಮಂದಿಗೆ ಹಾಗಿಲ್ಲ. ಇಲ್ಲಿ ಪಗಾರಕ್ಕೆ ಹಂಗಾಮು ಇದೆ.

ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ನೀರು, ಹಿಡಕಲ್ ಅಣೆಕಟ್ಟಿನ ಕಾಲುವೆಗಳು ಸೇರಿ ಈ ನೆಲವನ್ನು ಕಬ್ಬಿನ ನೆಲ ಮಾಡಿವೆ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋಕಾಕ ಸೀಮೆಯಲ್ಲಿ ಘಟಪ್ರಭಾ ಸಹಕಾರಿ ಕಾರ್ಖಾನೆ, ಬೆಲ್ಲದ ಬಾಗೇವಾಡಿ ಮತ್ತು ಹುಣಶ್ಯಾಳ ಪಿ.ಜಿ.ಯಲ್ಲಿ ಖಾಸಗಿಯವರದು. ಅಕ್ಟೋಬರ್ ಕೊನೆಗೋ ನವೆಂಬರಿಗೋ ಬಾಯ್ಲರ್ ಹೊತ್ತಿದರೆ ಮಾರ್ಚ್, ಏಪ್ರಿಲ್ ಹೊತ್ತಿಗೆ ನುರಿಸುವುದು ಮುಗಿಯುತ್ತದೆ. ಖಾಯಂ ಕಾರ್ಮಿಕ ವರ್ಷಪೂರ್ತಿ ಹಾಜರಿ ಹಾಕುತ್ತಾನೆ. ಹಂಗಾಮಿ ಕಾರ್ಮಿಕ ಹಂಗಾಮಿನಲ್ಲಿ ಪೂರ್ಣ ಪಗಾರ, ಬಿಡುವಿನಲ್ಲಿ ರಿಟೆನ್ಷನ್ ಎಂಬ ಹೆಸರಿನ ತುಣುಕು ಭತ್ಯೆ ಪಡೆಯುತ್ತಾನೆ. ಗುತ್ತಿಗೆಯವನಿಗೆ ಕೆಲಸ ನಿಂತ ದಿನವೇ ಪಗಾರವೂ ನಿಂತಿತು. ಮೂವರೂ ಒಂದೇ ಮಿಲ್ಲಿನ ಮುಂದೆ ನಿಂತಿರುತ್ತಾರೆ, ಒಂದೇ ಹಾಳೆ ತುಂಬುತ್ತಾರೆ. ಕಾನೂನು ಕೂಡ ಈ ಹಂಗಾಮನ್ನು ಗುರುತಿಸಿದೆ: ಇಎಸ್‌ಐ (ಕಾರ್ಮಿಕರ ವಿಮೆ) ನಿಯಮ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಡುವಾಗ ಸಕ್ಕರೆ ತಯಾರಿಕೆಯನ್ನು ಹೆಸರಿಟ್ಟೇ ಹೇಳುತ್ತದೆ. ಹೀಗಾಗಿ ನೂಲಿನ ಮಿಲ್ಲಿನವನ ಪಗಾರಚೀಟಿಯಲ್ಲಿ ಆಸ್ಪತ್ರೆಗೆಂದು ಶೇ 0.75 ಕಡಿತವಾಗುತ್ತದೆ, ಅದರ ಬದಲಿಗೆ ಔಷಧೋಪಚಾರದ ಹಕ್ಕು ಸಿಗುತ್ತದೆ. ಬರೀ ಸಕ್ಕರೆ ಮಾಡುವ ಕಾರ್ಖಾನೆಯವನ ಚೀಟಿಯಲ್ಲಿ ಆ ಸಾಲೇ ಇರುವುದಿಲ್ಲ. ಇಬ್ಬರ ಕೈಗೆ ಬರುವ ಮೊತ್ತ ಒಂದೇ ಇದ್ದರೂ ಪಗಾರ ಒಂದೇ ಅಲ್ಲ. ಪ್ರಶ್ನಾವಳಿ ತಯಾರಿಸುವ ಮೊದಲು ನಾಲ್ಕು ಪಗಾರಚೀಟಿ ಬೇಡಿ ತಂದು ಸಾಲು ಸಾಲಾಗಿ ಓದಿ ಎಂದು ನಾನು ಹೇಳುವುದು ಇದಕ್ಕೇ. ಮೂಲ ವೇತನ, ತುಟ್ಟಿಭತ್ಯೆ, ಶೇ 12ರ ಪಿ.ಎಫ್., ಕೊನೆಗೆ ಸೊಸೈಟಿ ಸಾಲದ ಕಂತು. ಆ ಕೊನೆಯ ಸಾಲಿನಲ್ಲಿ ಒಂದು ಮನೆಯ ಕಥೆಯೇ ಇರುತ್ತದೆ. ಮದುವೆ, ಬೋರವೆಲ್ಲು, ಮಗನ ಡಿಪ್ಲೊಮಾ.

"ಯಾವ ತಿಂಗಳದ್ದು" ಎಂಬ ಪ್ರಶ್ನೆ ಎಷ್ಟು ಗಟ್ಟಿ ಎನ್ನುವುದಕ್ಕೆ ಕಬ್ಬಿನ ಗದ್ದೆಯಲ್ಲೇ ನಡೆದ ಒಂದು ಅಧ್ಯಯನ ಇದೆ. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವೊ ಎಂಬ ಸಂಶೋಧಕರು ಎರಡು ಸಲ ಪರೀಕ್ಷಿಸಿದರು. ಕಟಾವಿಗೆ ಮೊದಲು, ಅಂದರೆ ಕೈ ಖಾಲಿಯಿದ್ದಾಗ ಒಮ್ಮೆ. ಕಟಾವಾಗಿ ದುಡ್ಡು ಕೈಗೆ ಬಂದ ಮೇಲೆ ಇನ್ನೊಮ್ಮೆ. ಆಕೃತಿಗಳ ಒಗಟು ಬಿಡಿಸುವುದು, ಅಂಕಿಗಳನ್ನು ಚಕ್ಕನೆ ಗುರುತಿಸುವುದು, ಇಂಥ ಪರೀಕ್ಷೆಗಳು. ಅದೇ ರೈತ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮನಸ್ಸು ಸಾಲದ ಲೆಕ್ಕದಲ್ಲಿ ಮುಳುಗಿದ್ದರೆ ಉಳಿದದ್ದಕ್ಕೆ ಗಮನ ಸಾಲದು ಎಂಬುದು ಅವರ ವಾದ. ಇಲ್ಲಿ ಒಂದು ಜಾಣತನವೂ ಇತ್ತು. ಕಟಾವಿನ ಸರದಿ ಕಾರ್ಖಾನೆ ಕೊಟ್ಟಂತೆ ನಡೆಯುವುದರಿಂದ ಒಂದೇ ತಿಂಗಳಲ್ಲಿ ಒಬ್ಬ ರೈತ ದುಡ್ಡು ಎಣಿಸುತ್ತಿರುತ್ತಾನೆ, ಪಕ್ಕದವನು ಇನ್ನೂ ಉದ್ರಿಯಲ್ಲಿ ಸಾಮಾನು ತರುತ್ತಿರುತ್ತಾನೆ. ಹಾಗಾಗಿ ಇದು ಮಳೆಯ ಪರಿಣಾಮ, ಹಬ್ಬದ ಪರಿಣಾಮ ಎಂದು ತಳ್ಳಿಹಾಕಲು ಆಗಲಿಲ್ಲ. ನಮ್ಮ ಕಡೆಯೂ ಕಟಾವು ಸರದಿಯ ಮೇಲೆಯೇ ನಡೆಯುತ್ತದೆ. ಅದಕ್ಕಾಗಿ ಗದ್ದೆಯವರು ಎಷ್ಟು ಓಡಾಡುತ್ತಾರೆಂದು ಎಲ್ಲರಿಗೂ ಗೊತ್ತು.

ಆಮೇಲೆ ಒಡಿಶಾದಲ್ಲಿ ಎಲೆಯ ತಟ್ಟೆ ಹಚ್ಚುವ ಕಾರ್ಮಿಕರ ನಡುವೆ ಇನ್ನೊಂದು ಪ್ರಯೋಗವಾಯಿತು. ಇವರಿಗೆ ತಟ್ಟೆಯ ಲೆಕ್ಕದಲ್ಲಿ ಕೂಲಿ. ಕೆಲವರಿಗೆ ಬರಬೇಕಾದ ಅದೇ ಕೂಲಿಯ ಒಂದು ಭಾಗವನ್ನು ಸ್ವಲ್ಪ ಮೊದಲೇ ಕೊಟ್ಟರು. ಒಂದು ರೂಪಾಯಿಯೂ ಹೆಚ್ಚು ಕೊಡಲಿಲ್ಲ, ತಾರೀಖು ಮಾತ್ರ ಹಿಂದೆ ಸರಿಯಿತು. ಅವರು ಮೊದಲು ಸಾಲ ತೀರಿಸಿದರು, ಮನೆಗೆ ಸಾಮಾನು ತಂದರು. ನಂತರದ ದಿನಗಳಲ್ಲಿ ಅವರ ಉತ್ಪಾದನೆ ಶೇ 7ರಷ್ಟು ಏರಿತು, ತಪ್ಪುಗಳೂ ಕಡಿಮೆಯಾದವು. ಚಿಂತೆ ಇಳಿದದ್ದೇ ಕೈ ಚುರುಕಾಗಲು ಕಾರಣ ಎಂದು ಸುಪ್ರೀತ್ ಕೌರ್ ಮತ್ತು ಸಂಗಡಿಗರು ಬರೆದರು. ತಾರೀಖಿಗೆ ಇಷ್ಟು ಬಲವಿದೆ ಎಂಬುದು ನಮ್ಮ ಕಾನೂನು ಮಾಡಿದವರಿಗೆ ಹಿಂದೆಯೇ ಹೊಳೆದಿತ್ತು. 1936ರ ವೇತನ ಪಾವತಿ ಕಾಯ್ದೆ ಏಳನೇ ತಾರೀಖು, ದೊಡ್ಡ ಕಾರ್ಖಾನೆಯಾದರೆ ಹತ್ತನೇ ತಾರೀಖು ಎಂದು ಗೆರೆ ಎಳೆದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ತಿಂಗಳ ಪಗಾರವನ್ನು ಮುಂದಿನ ತಿಂಗಳ ಏಳರೊಳಗೆ ಕೊಡಬೇಕೆಂದು ಹೇಳುತ್ತದೆ. ಕಬ್ಬು ಕಳಿಸಿದ ರೈತನಿಗೆ 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದೊಳಗೆ ಬಿಲ್ಲು, ತಪ್ಪಿದರೆ ಶೇ 15ರ ಬಡ್ಡಿ.

ಕಾನೂನಿನ ತಾರೀಖು ಒಂದು, ಬಟವಡೆಯ ತಾರೀಖು ಇನ್ನೊಂದು. ಯಾವ ಸಂಶೋಧಕರ ಹಾಳೆಯಲ್ಲೂ "ಹೋದ ತಿಂಗಳ ಪಗಾರ ಎಷ್ಟನೇ ತಾರೀಖಿಗೆ ಆಯಿತು?" ಎಂಬ ಪ್ರಶ್ನೆಯನ್ನು ನಾನು ಕಂಡಿಲ್ಲ. ಸಂತೃಪ್ತಿಯ ಮೇಲೆ ಇಪ್ಪತ್ತು ಪ್ರಶ್ನೆ ಇರುತ್ತವೆ. ಇಡೀ ಹಾಳೆಯಲ್ಲಿ ಉತ್ತರಿಸಲು ಸುಲಭವಾದದ್ದು, ಸುಳ್ಳು ಹೇಳಲು ಕಷ್ಟವಾದದ್ದು ಈ ತಾರೀಖಿನ ಪ್ರಶ್ನೆ.

ಇಲ್ಲಿಗೆ ನನ್ನ ಮುಖ್ಯ ಮಾತು. ಅರೆಕಾಲಿಕ ಪಿಎಚ್.ಡಿ. ಎಂದರೆ ವಿಶ್ವವಿದ್ಯಾಲಯಗಳ ಕಾರಿಡಾರಿನಲ್ಲಿ ಸ್ವಲ್ಪ ತಾತ್ಸಾರ ಇದೆ. ಪೂರ್ಣಾವಧಿಗೆ ಬರಲಾಗದವರ ದಾರಿ ಎಂಬ ಭಾವ. ಯುಜಿಸಿ 2022ರ ನವೆಂಬರಿನ ನಿಯಮಗಳಲ್ಲಿ ಅರೆಕಾಲಿಕರಿಗೆ ಸ್ಪಷ್ಟವಾಗಿ ಜಾಗ ಮಾಡಿಕೊಟ್ಟಿದೆ: ನೌಕರಿ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು, ಕೋರ್ಸ್‌ವರ್ಕಿಗೆ ಬಿಡುಗಡೆ ಬೇಕು, ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಕೂರಬೇಕು, ಮೌಲ್ಯಮಾಪನ ಪೂರ್ಣಾವಧಿಯವರಿಗೆ ನಡೆದಂತೆಯೇ. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಈ ಮೂರು ವರ್ಷವನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿ ನೋಡಿ. ಮೂರು ಹಂಗಾಮು, ಮೂರು ಬಿಡುವು, ಮೂರು ದೀಪಾವಳಿ ಬೋನಸ್ಸು. ಬೆಂಗಳೂರಿನಿಂದ ಬರುವ ಪೂರ್ಣಾವಧಿ ಸಂಶೋಧಕ ಜನವರಿಯಲ್ಲಿ ಲಾಡ್ಜು ಹಿಡಿದು ಎರಡು ವಾರದಲ್ಲಿ ಹಾಳೆ ತುಂಬಿಸಿಕೊಂಡು ಹೋಗುತ್ತಾನೆ. ಅವನಿಗೆ ಸಿಗುವುದು ಹಂಗಾಮಿನ ನಡುವಿನ, ಪಗಾರ ನಡೆಯುತ್ತಿರುವ ಕಾಲದ ಕಾರ್ಮಿಕ ಮಾತ್ರ. ಜೂನಿನಲ್ಲಿ ಅದೇ ಮನುಷ್ಯ ಎಲ್ಲಿರುತ್ತಾನೆ, ಯಾರ ಹೊಲದಲ್ಲಿ ಬಿತ್ತನೆಗೆ ಹೋಗಿರುತ್ತಾನೆ, ಯಾವ ಪತ್ತಿನ ಸಂಘದ ಬಾಗಿಲಲ್ಲಿ ನಿಂತಿರುತ್ತಾನೆ ಎಂಬುದು ಊರಿನಲ್ಲೇ ಇರುವ ಅರೆಕಾಲಿಕನಿಗೆ ಗೊತ್ತು. ನಿಧಾನ ಎಂದು ಯಾವುದನ್ನು ಹಳಿಯುತ್ತಾರೋ ಹಂಗಾಮಿನ ಪಗಾರವನ್ನು ಅಳೆಯಲು ಅದೇ ಬೇಕು. ಆದರೆ ನಮ್ಮ ಅರೆಕಾಲಿಕರು ಪೂರ್ಣಾವಧಿಯವರನ್ನೇ ನಕಲು ಮಾಡಿ, ತಾವೂ ಜನವರಿಯ ಒಂದು ರಜೆಯಲ್ಲಿ ಎಲ್ಲ ಹಾಳೆ ತುಂಬಿಸಿಬಿಡುತ್ತಾರೆ.

ಕಬ್ಬು ಕಡಿಯುವವರ ಬಳಿಗೆ ಬಂದರಂತೂ ಪುಸ್ತಕದ ಸಿದ್ಧಾಂತಗಳೇ ತಲೆಕೆಳಗಾಗುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರದ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿಯ ಜೋಡಿಗೆ ಒಂದು ಕೊಯ್ತಾ ಎಂದು ಲೆಕ್ಕ. ಕೂಲಿ ಟನ್ನಿನ ಮೇಲೆ. ನಸುಕಿನಲ್ಲಿ ಗದ್ದೆಗಿಳಿದು ಕಡಿದು, ಸೂಲಂಗಿ ಸವರಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರ್ಯಾಕ್ಟರಿಗೆ ಹೇರುವ ತನಕ ಎಲ್ಲವೂ ಆ ಟನ್ನಿನೊಳಗೇ ಬಂತು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಎಂಬ ಫ್ರೆಡರಿಕ್ ಟೇಲರನ ಕನಸಿಗೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗಲಿಕ್ಕಿಲ್ಲ. ಬೆಥ್ಲೆಹೆಮ್ ಸ್ಟೀಲಿನಲ್ಲಿ ದಿನಕ್ಕೆ 12.5 ಟನ್ ಕಬ್ಬಿಣ ಹೊರುತ್ತಿದ್ದವನಿಗೆ ಕೂಲಿಯನ್ನು 1.15 ಡಾಲರಿನಿಂದ 1.85ಕ್ಕೆ ಏರಿಸಿ 47.5 ಟನ್ ಹೊರಿಸಿದೆ ಎಂದು ಅವನು ಹೇಳಿಕೊಂಡಿದ್ದ. ಕೂಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಹೊರೆ ಸುಮಾರು ನಾಲ್ಕು ಪಟ್ಟು. ಈ ಲೆಕ್ಕವನ್ನು ತರಗತಿಯಲ್ಲಿ ಯಾರೂ ಎತ್ತಿ ಆಡುವುದಿಲ್ಲ.

ಆದರೆ ಗ್ಯಾಂಗಿನ ಕೂಲಿ ಕೆಲಸದ ಹಿಂದೆ ಬರುವುದಿಲ್ಲ, ಮುಂದೆ ಬರುತ್ತದೆ. ಮಳೆಗಾಲದಲ್ಲೇ ಮುಕಾದಮ ಉಚಲ್ ಎಂಬ ಮುಂಗಡ ಕೊಟ್ಟಿರುತ್ತಾನೆ. ಅದು ಮಗಳ ಮದುವೆಗೋ, ಹಳೇ ಸಾಲಕ್ಕೋ, ಆಸ್ಪತ್ರೆಗೋ ಹೋಗಿ ಆಗಿರುತ್ತದೆ. ಇನ್ನು ಐದಾರು ತಿಂಗಳು ಕಡಿಯುವುದೆಂದರೆ ತಿಂದದ್ದನ್ನು ತೀರಿಸುವುದು. 1964ರಲ್ಲಿ ವಿಕ್ಟರ್ ವ್ರೂಮ್ ಕೊಟ್ಟ ನಿರೀಕ್ಷೆಯ ಸಿದ್ಧಾಂತ ಹೀಗಿದೆ: ದುಡಿದರೆ ಫಲಿತಾಂಶ ಬರುತ್ತದೆ, ಫಲಿತಾಂಶಕ್ಕೆ ಪ್ರತಿಫಲ ಬರುತ್ತದೆ, ಆ ಪ್ರತಿಫಲ ನನಗೆ ಬೇಕಾದದ್ದು ಎಂಬ ಮೂರು ನಂಬಿಕೆಗಳು ಸೇರಿದಾಗ ಮನುಷ್ಯ ಮುಂದಾಗುತ್ತಾನೆ. ಪ್ರತಿಫಲ ಬಂದು ಖರ್ಚಾಗಿ ಹೋದವನಿಗೆ ಈ ಸೂತ್ರ ಹೇಗೆ ಹೊಂದುತ್ತದೆ? ಅವನನ್ನು ನಸುಕಿನಲ್ಲಿ ಎಬ್ಬಿಸುವುದನ್ನು ಪ್ರೇರಣೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅವನಿಗೆ ನಿಜವಾದ ಮುಂದಿನ ಪ್ರತಿಫಲ ಎಂದರೆ ರೈತನಿಂದ ಬೇರೆಯಾಗಿ ಕೇಳಿ ಪಡೆಯುವ ಲಗಾಣಿ. ರೈತರು ಅದನ್ನು ಸುಲಿಗೆ ಎಂದು ಬೈಯುತ್ತಾರೆ; ಅವರ ಸಿಟ್ಟಿಗೂ ಕಾರಣವಿದೆ. ಆದರೆ ಇಡೀ ಹಂಗಾಮಿನಲ್ಲಿ ಕೆಲಸ ಮಾಡಿದ ಮೇಲೆ ಕೈಗೆ ಬೀಳುವ ರೊಕ್ಕ ಬಹುಮಟ್ಟಿಗೆ ಅದೊಂದೇ ಎಂದು ತಿಳಿದರೆ ಅದರ ಹಟ ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ. ಇದರ ಮೇಲೆ ಯಾರಾದರೂ ಒಂದು ಅಧ್ಯಾಯ ಬರೆಯಲಿ.

ರೈತನ ಬಿಲ್ಲು, ಕಾರ್ಮಿಕನ ಪಗಾರ, ಗ್ಯಾಂಗಿನ ಟನ್ನು ಮೂರೂ ಒಂದೇ ಸಕ್ಕರೆಯಿಂದ ಬರಬೇಕು. 2025ರ ಅಕ್ಟೋಬರ್ ಕೊನೆಯಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ನವೆಂಬರ್ 7ರಂದು ಮುಖ್ಯಮಂತ್ರಿಗಳ ಸಭೆಯಲ್ಲಿ 3,300ಕ್ಕೆ ತೀರ್ಮಾನವಾಯಿತು, ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಆ ದಿನಗಳಲ್ಲಿ ನುರಿಸುವ ಕೆಲಸಕ್ಕೆ ತಡೆ ಬಿದ್ದಿತ್ತು. ಆ ವಾರ ಯಾರಾದರೂ ಗೇಟಿನ ಬಳಿ ಪ್ರಶ್ನಾವಳಿ ಹಂಚಿದ್ದರೆ ಅದರಲ್ಲಿ ದಾಖಲಾಗುತ್ತಿದ್ದುದು ಯಾವುದರ ತೃಪ್ತಿ? ಹಾಳೆಯ ತಲೆಯಲ್ಲಿ ಕನಿಷ್ಠ ತಾರೀಖಾದರೂ ಬರೆದುಕೊಳ್ಳಿ. ದೀಪಾವಳಿಯ ಹಿಂದಿನ ವಾರದ ಹಾಳೆಗಳನ್ನು ಬೇರೆ ಕಟ್ಟಿಡಿ, ಶೇ 8.33ರಿಂದ 20ರವರೆಗಿನ ಬೋನಸ್ಸಿನ ಮಾತು ನಡೆಯುತ್ತಿರುವಾಗ ಯಾರ ಉತ್ತರವೂ ಸಾಮಾನ್ಯ ದಿನದ ಉತ್ತರವಲ್ಲ.

ಇನ್ನು ಗೋಕಾಕ ಫಾಲ್ಸಿನ ನೂಲಿನ ಮಿಲ್ಲು. 1885ರಲ್ಲಿ ಕಂಪನಿ ಹುಟ್ಟಿ, 1887ರಲ್ಲಿ ಜಲಪಾತದ ನೀರಿನ ಬಲದಿಂದ ಮಿಲ್ಲು ನಡೆಯಲು ಶುರುವಾಯಿತು. ಅಲ್ಲಿ ಪಗಾರ ಎಂದರೆ ಬರೀ ರೊಕ್ಕವಲ್ಲ, ಮಿಲ್ಲಿನ ಮನೆ, ಮಿಲ್ಲಿನ ಶಾಲೆ, ತೂಗುಸೇತುವೆಯ ಆಚೆಗೂ ಈಚೆಗೂ ಬೆಳೆದ ಒಂದು ಊರು. ಮನೆ ಕೊಟ್ಟ ಕಂಪನಿಯನ್ನು ಬಿಟ್ಟು ಹೋಗುವುದು ಪಗಾರ ಕೊಟ್ಟ ಕಂಪನಿಯನ್ನು ಬಿಟ್ಟು ಹೋಗುವುದಕ್ಕಿಂತ ಕಷ್ಟ. ಇದನ್ನು ನಿಷ್ಠೆ ಎಂದು ಬರೆದುಕೊಳ್ಳುವ ಸಂಶೋಧಕರಿಗೆ ಸ್ವಲ್ಪ ಎಚ್ಚರ ಬೇಕು.

ಬಟ್ಟೆ ಗಿರಣಿಯ ಪ್ರೇರಣೆಯ ಬಗ್ಗೆ ಜಗತ್ತು ಓದುವ ಒಂದು ದೊಡ್ಡ ಪ್ರಯೋಗ ನಡೆದದ್ದು ನಮ್ಮ ದೇಶದಲ್ಲೇ. ನಮ್ಮ ಪ್ರಬಂಧಗಳು ಶಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯ ಪ್ರಯೋಗಕ್ಕೆ ಎರಡು ಪುಟ ಕೊಟ್ಟು ಅಹಮದಾಬಾದನ್ನು ಮರೆಯುತ್ತವೆ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿನ ಕ್ಯಾಲಿಕೊ ಮಿಲ್ಲಿಗೆ ಬಂದ. ಸ್ವಯಂಚಾಲಿತ ಮಗ್ಗ ಹಾಕಿದ್ದರೂ ಉತ್ಪಾದನೆ ಏರಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಂಡು ಕೆಲಸ ಹಂಚಿದ್ದರಿಂದ ಯಾರಿಗೂ ಯಾರ ಹೊಣೆಯೂ ಇರಲಿಲ್ಲ. ಸಣ್ಣ ಗುಂಪು ಮಾಡಿ ಒಂದಷ್ಟು ಮಗ್ಗಗಳನ್ನು ಇಡಿಯಾಗಿ ಆ ಗುಂಪಿಗೇ ಒಪ್ಪಿಸಿದರೆ ಹೇಗೆ ಎಂಬ ಸೂಚನೆ ಬಂದಾಗ ಕಾರ್ಮಿಕರೇ ಮುಂದೆ ಬಂದು ತಮ್ಮ ಗುಂಪು ಕಟ್ಟಿಕೊಂಡರು. ಬಟ್ಟೆ ಹೆಚ್ಚಾಯಿತು, ಹಾಳಾಗುವುದು ತಗ್ಗಿತು. 1970ರಲ್ಲಿ ಎರಿಕ್ ಮಿಲ್ಲರ್ ಮರಳಿ ಹೋಗಿ ನೋಡಿದಾಗ ಒಂದು ಕಡೆ ಗುಂಪಿನ ಪದ್ಧತಿ ಹಾಗೇ ಉಳಿದಿತ್ತು, ಉಳಿದ ಕಡೆ ಸವೆದುಹೋಗಿತ್ತು. ಹದಿನೇಳು ವರ್ಷದ ನಂತರ ಹೋಗಿ ನೋಡಿದ್ದರಿಂದ ಮಾತ್ರ ತಿಳಿದ ವಿಷಯ ಇದು.

ಹುಕ್ಕೇರಿಯಲ್ಲಿ ಇನ್ನೊಂದು ವಿಚಿತ್ರ ಅವಕಾಶವಿದೆ. 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ರಾಜ್ಯದಲ್ಲಿ ಆ ಬಗೆಯ ಏಕೈಕ ಸಂಘ. ದೇಶದಲ್ಲಿ ಮೊದಲ ಹಂತದಲ್ಲಿ ಹುಟ್ಟಿದ ಐದು ಸಂಘಗಳಲ್ಲಿ ಇದೂ ಒಂದು. ಇಲ್ಲಿ ಬಿಲ್ಲು ಕಟ್ಟುವ ಗ್ರಾಹಕನೇ ಸದಸ್ಯ, ಸದಸ್ಯನೇ ಆಡಳಿತ ಮಂಡಳಿ ಆರಿಸುವವನು. ತಾಲ್ಲೂಕಿನ ಗಡಿ ದಾಟಿದರೆ ಸರ್ಕಾರಿ ವಿದ್ಯುತ್ ಕಂಪನಿ ಹೆಸ್ಕಾಂ. ಕಂಬ ಹತ್ತುವ ಕೆಲಸ ಎರಡೂ ಕಡೆ ಒಂದೇ, ಯಜಮಾನ ಬೇರೆ. ಜೆ. ಸ್ಟೇಸಿ ಆಡಮ್ಸ್ 1960ರ ದಶಕದಲ್ಲಿ ಹೇಳಿದ್ದು ಇದನ್ನೇ: ತನ್ನ ಪಗಾರವನ್ನು ಮನುಷ್ಯ ಒಂಟಿಯಾಗಿ ತೂಗುವುದಿಲ್ಲ, ಇನ್ನೊಬ್ಬರದರ ಪಕ್ಕ ಇಟ್ಟೇ ತೂಗುತ್ತಾನೆ. ಇಲ್ಲಿಯ ಲೈನ್‌ಮನ್ ಯಾರ ಪಕ್ಕ ಇಡುತ್ತಾನೆ? ಹೆಸ್ಕಾಂನವನದರ ಪಕ್ಕವೋ, ಸಕ್ಕರೆ ಕಾರ್ಖಾನೆಯ ತಮ್ಮನದರ ಪಕ್ಕವೋ? ಇದನ್ನು ಕೇಳದೆ ಸಮಾನತೆಯ ಸಿದ್ಧಾಂತ ಎಂಬ ಉಪಶೀರ್ಷಿಕೆ ಹಾಕಿ ಪ್ರಯೋಜನವಿಲ್ಲ.

ಈ ಹೋಲಿಕೆಯನ್ನು ಕೂಡ ಒಡಿಶಾದಲ್ಲಿ ಅಳೆದಿದ್ದಾರೆ. ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ 378 ಕಾರ್ಮಿಕರನ್ನು ಸಣ್ಣ ತಂಡಗಳಲ್ಲಿ ಒಂದು ತಿಂಗಳು ಕೆಲಸಕ್ಕೆ ಹಚ್ಚಿದರು. ಕೆಲವು ತಂಡಕ್ಕೆ ಎಲ್ಲರಿಗೂ ಒಂದೇ ದಿನಗೂಲಿ, ಕೆಲವು ತಂಡದಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಕಡಿಮೆ ಸಿಕ್ಕವರ ಉತ್ಪಾದನೆ ಬಿತ್ತು, ಹಾಜರಿಯೂ ಬಿತ್ತು. ಕೆಲಸಕ್ಕೆ ಹೋಗದೆ ದಿನಗೂಲಿ ಕಳೆದುಕೊಳ್ಳಲೂ ಅವರು ತಯಾರಾದರು. ಆದರೆ ಹೆಚ್ಚು ಪಡೆಯುವವನು ನಿಜಕ್ಕೂ ಹೆಚ್ಚು ಮಾಡುತ್ತಾನೆಂದು ಕಣ್ಣಿಗೆ ಕಾಣುವ ಕೆಲಸವಾಗಿದ್ದರೆ ಈ ಬೇಸರ ಕಾಣಲಿಲ್ಲ. ಖಾಯಂ ಮತ್ತು ಗುತ್ತಿಗೆ ಕಾರ್ಮಿಕ ಒಂದೇ ಪಾಳಿಯಲ್ಲಿ ಒಂದೇ ಪಂಪಿನ ಮುಂದೆ ನಿಲ್ಲುವ ನಮ್ಮ ಕಾರ್ಖಾನೆಗಳಲ್ಲಿ ಈ ಕೊನೆಯ ಮಾತನ್ನು ಯಾರಾದರೂ ಒರೆಗೆ ಹಚ್ಚಿ ನೋಡಬೇಕು. ಮೂಡಲಗಿಯ ಪತ್ತಿನ ಸಂಘಗಳ ಪಿಗ್ಮಿ ಸಂಗ್ರಾಹಕರದು ಮತ್ತೊಂದು ಕಥೆ. ಪೂರ್ತಿ ಕಮಿಷನ್ನಿನ ಬದುಕು. ಬ್ಯಾಂಕುಗಳ ಇಂಥ ಸಂಗ್ರಾಹಕರ ಕಮಿಷನ್ ಕೂಡ ವೇತನವೇ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ಬೇಕಾದವರು ಅದರ ಮೇಲೂ ಕೆಲಸ ಮಾಡಬಹುದು.

ಸಂಶೋಧಕನ ಪ್ರೇರಣೆ? ಅದೂ ಬಹುಮಟ್ಟಿಗೆ ಪಗಾರವೇ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಖಾಯಂ ಸಹಾಯಕ ಪ್ರಾಧ್ಯಾಪಕನಿಗೆ ಪಿಎಚ್.ಡಿ. ಇದ್ದರೆ ಮೊದಲ ಬಡ್ತಿ ನಾಲ್ಕು ವರ್ಷಕ್ಕೆ, ಇಲ್ಲದಿದ್ದರೆ ಆರಕ್ಕೆ. ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ಗೌರವಧನ 2022ರ ಜನವರಿಗೆ ಮೊದಲು 11ರಿಂದ 13 ಸಾವಿರ ಇತ್ತು. ಆಗ ಪರಿಷ್ಕಾರವಾಗಿ 26ರಿಂದ 32 ಸಾವಿರವಾದಾಗ ಯುಜಿಸಿ ಅರ್ಹತೆ ಇದ್ದವರು, ಇಲ್ಲದವರು ಎಂಬ ಭೇದ ನೇರವಾಗಿ ರೂಪಾಯಿಯಲ್ಲೇ ಕಾಣುತ್ತಿತ್ತು. ಮತ್ತೆ, ಅತಿಥಿ ಉಪನ್ಯಾಸಕರಿಗೂ ಹಂಗಾಮು ಇದೆ. ಶೈಕ್ಷಣಿಕ ವರ್ಷ ಮುಗಿದರೆ ಪಗಾರ ನಿಂತಿತು, ಮುಂದಿನ ಕೌನ್ಸೆಲಿಂಗಿನ ತನಕ ಕಾಯಬೇಕು. ಅವರಿಗೆ ರಿಟೆನ್ಷನ್ ಕೂಡ ಇಲ್ಲ. ಚಹಾದಂಗಡಿಯಲ್ಲಿ ಹಾಳೆ ಕೊಟ್ಟವರು ಅಂಥ ಉಪನ್ಯಾಸಕರೇ ಆಗಿದ್ದರು. "ಯಾವ ತಿಂಗಳದ್ದು" ಎಂಬ ಪ್ರಶ್ನೆ ಅವರಿಗೇ ಮೊದಲು ಅರ್ಥವಾಗಬೇಕಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಮಿಟಿಯವರು ಸ್ಯಾಂಪಲ್ ಎಷ್ಟು ಅಂತ ಕೇಳತಾರ್ರೀ" ಎಂದರು.

ಕೇಳುತ್ತಾರೆ, ನಿಜ. ಅವರಿಗೆ ಪ್ರಿಯವಾದ ಸಂಖ್ಯೆ 384. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕದ ಕೊನೆಯ ಸಾಲಿನ ಸಂಖ್ಯೆ ಅದು, ಹತ್ತು ಲಕ್ಷ ಜನರಿದ್ದರೆ ಇಷ್ಟು ಸಾಕು ಎಂದು. ಆದರೆ ಆ ಕೋಷ್ಟಕ ಚೀಟಿ ಎತ್ತಿ ಆರಿಸಿದ ಮಾದರಿಗೆ ಮಾತ್ರ. ಪಾಳಿ ಬಿಟ್ಟಾಗ ಚಹಾಕ್ಕೆ ಬಂದವರನ್ನು ಹಿಡಿದು 384 ಮಾಡಿದರೆ ಅದು ಚಹಾ ಕುಡಿಯುವವರ ಮಾದರಿ.

ಇದರ ಬದಲು ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಅರವತ್ತು ಜನರನ್ನು ಆರಿಸಿಕೊಳ್ಳಿ. ಆಡಳಿತದ ಅನುಮತಿ ಗೇಟಿನೊಳಗೆ ಹೋಗಲು ಬೇಕು. ಆದರೆ ಮಾತುಕತೆ ಗೇಟಿನ ಹೊರಗೆ ನಡೆಯಲಿ, ಹೆಸರಿನ ಬದಲು ಸಂಖ್ಯೆ ಇರಲಿ, ಯಾವ ಸಂಖ್ಯೆ ಯಾರದೆಂಬ ಪಟ್ಟಿ ನಿಮ್ಮ ಮನೆಯಲ್ಲಿರಲಿ. ಅದೇ ಅರವತ್ತು ಜನರನ್ನು ಬಾಯ್ಲರ್ ಹೊತ್ತಿದಾಗ, ಸಂಕ್ರಾಂತಿಯ ಹೊತ್ತಿಗೆ, ಹಂಗಾಮು ಮುಗಿದ ತಿಂಗಳು, ಮತ್ತೆ ಜೂನಿನಲ್ಲಿ ಭೇಟಿಯಾಗಿ. ಕೊನೆಯ ಪಗಾರ ಯಾವ ತಾರೀಖಿಗೆ ಬಂತು, ಎಷ್ಟು ದಿನ ಬಾಳಿತು, ಈಗ ಅಂಗಡಿಯಲ್ಲಿ ಉದ್ರಿ ಎಷ್ಟಿದೆ, ಕೆಲಸದಲ್ಲಿ ಈಚೆಗೆ ಖುಷಿಯಾದ ಒಂದು ದಿನ ಯಾವುದು, ಬಿಟ್ಟು ಹೋಗಬೇಕೆನಿಸಿದ ಒಂದು ದಿನ ಯಾವುದು. ಐದೇ ಪ್ರಶ್ನೆ. ಒಬ್ಬನನ್ನು ಅವನ ಜೊತೆಗೇ ಹೋಲಿಸುವುದರಿಂದ ವಯಸ್ಸು, ಓದು, ಸ್ವಭಾವದ ವ್ಯತ್ಯಾಸಗಳು ಲೆಕ್ಕದಿಂದ ತಾವಾಗಿ ಹೊರಬೀಳುತ್ತವೆ. ಅಂಥ ಲೆಕ್ಕಕ್ಕೆ ಕಡಿಮೆ ಜನ ಸಾಕು ಎಂಬುದು ಸಂಖ್ಯಾಶಾಸ್ತ್ರದ ಮೊದಲ ವರ್ಷದ ಪಾಠ, ಕಮಿಟಿಗೂ ಗೊತ್ತಿರುವುದೇ. ಒಂದು ವರ್ಷಕ್ಕೆ 240 ಮಾತುಕತೆ, ಎರಡು ಹಂಗಾಮಿಗೆ 480. ರವಿವಾರ, ರಜೆಗಳನ್ನು ಸೇರಿಸಿಕೊಂಡರೆ ಆಗುವ ಕೆಲಸ. ಕೆಲವರು ಊರು ಬಿಡುತ್ತಾರೆ, ಕೆಲವರು ಬೇಸತ್ತು ಮಾತು ನಿಲ್ಲಿಸುತ್ತಾರೆ. ಹಾಗೆ ಹೋದವರು ಯಾರು, ಯಾವ ತಿಂಗಳು ಹೋದರು ಎಂಬುದನ್ನೂ ಬರೆದಿಡಿ. ಕಾರ್ಖಾನೆಯ ಲೆಕ್ಕಪತ್ರದಲ್ಲಿ ಆ ಮಾಹಿತಿ ಇರುವುದಿಲ್ಲ.